ಹತ್ತೊಂಬತ್ತರ ‘ಹಿರಿಯರು’

ಮಿಷನರಿ ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಕಿಟೆಲ್. 1853ರಲ್ಲಿ ಇಪ್ಪತ್ತೊಂದರ ಜರ್ಮನ್ ತರುಣನಾಗಿ ಬಾಸೆಲ್ ಮಿಷನ್ನಿನ ಕಡೆಯಿಂದ ಇಲ್ಲಿಗೆ ಬಂದವರು, ಹಳಗನ್ನಡದ ಓಲೆಗರಿಗಳ ನಡುವೆ ತಲೆ ನರೆಸಿಕೊಂಡು, 1894ರಲ್ಲಿ ನಮ್ಮ ಕೈಗೆ ನಿಘಂಟು ಇಟ್ಟರು. ಮಿಷನ್ ಎಂಬ ಮಾತಿಗೆ ನಮ್ಮಲ್ಲಿ ಅಂಟಿಕೊಂಡಿರುವುದೂ ಇಂಥ ನೆನಪುಗಳೇ: ಮಿಷನ್ ಆಸ್ಪತ್ರೆ, ಮಿಷನ್ ಶಾಲೆ, ಮಂಗಳೂರಿನ ಹಂಚಿನ ಕಾರ್ಖಾನೆ, ಅಚ್ಚುಕೂಟ. ಬಂದವರು ಬೇರು ಬಿಟ್ಟರು, ಏನನ್ನಾದರೂ ಕಟ್ಟಿದರು.

ಅದೇ 1853ರ ಏಪ್ರಿಲ್‌ನಲ್ಲಿ ಕಲ್ಕತ್ತೆಯ ಬಂದರಿನಲ್ಲಿ ‘ಮಾನ್ಸೂನ್’ ಎಂಬ ಹಡಗಿನಿಂದ ಹದಿಮೂರು ಮಂದಿ ಅಮೆರಿಕನ್ನರು ಇಳಿದರು. ಒಂಬತ್ತು ಮಂದಿ ಹಿಂದೂಸ್ತಾನಕ್ಕೆಂದು ಬಂದವರು, ನಾಲ್ವರು ಸಯಾಮಿಗೆ ಹೊರಟವರು. ಯೂಟಾದ ಬರಡು ಕಣಿವೆಯಲ್ಲಿ ಐದಾರು ವರ್ಷದ ಹಿಂದಷ್ಟೇ ನೆಲೆ ಕಂಡಿದ್ದ ಮಾರ್ಮನ್ ಪಂಥದವರು ಇವರು. ಕಲ್ಕತ್ತೆ, ಮದರಾಸು, ಮುಂಬಯಿ, ಕರಾಚಿ ಎಂದು ಚದುರಿಕೊಂಡು ಬೋಧಿಸಿದರು. ಕೇಳಿದವರಲ್ಲಿ ಹೆಚ್ಚಿನವರು ದಂಡಿನ ಬಿಳಿ ಸಿಪಾಯಿಗಳು. ಇವರನ್ನು ಪರದೇಶಕ್ಕೆ ಹೊರಡಿಸಿದ 1852ರ ಆಗಸ್ಟ್ ಸಮಾವೇಶದಲ್ಲೇ ಪಂಥವು ತನ್ನೊಳಗಿನ ಬಹುಪತ್ನಿತ್ವವನ್ನು ಬಹಿರಂಗವಾಗಿ ಒಪ್ಪಿಕೊಂಡಿತ್ತು. ಆ ಸುದ್ದಿಯೂ ಇವರ ಬೆನ್ನಿಗೇ ಸಮುದ್ರ ದಾಟಿತು. ತೆರೆದಿದ್ದ ನಾಲ್ಕು ಬಾಗಿಲುಗಳೂ ಮುಚ್ಚಿದವು. 1856ರ ಹೊತ್ತಿಗೆ ಎಲ್ಲರೂ ವಾಪಸು. ನಿಘಂಟಿಲ್ಲ, ಶಾಲೆಯಿಲ್ಲ, ಹಂಚಿಲ್ಲ.

ಹೀಗೆ ಬಂದು, ಕದ ತಟ್ಟಿ, ಏನನ್ನೂ ಕಟ್ಟದೆ ಮರಳುವುದು ನಮ್ಮ ಕಣ್ಣಿಗೆ ಸೋಲು. ಮಾರ್ಮನ್ನರು ಅದನ್ನೇ ಒಂದು ಪದ್ಧತಿಯಾಗಿ ರೂಢಿಸಿಕೊಂಡರು.

ಇವತ್ತು ಜಗತ್ತಿನಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಮಾರ್ಮನ್ ಮಿಷನರಿಗಳಿದ್ದಾರೆ. ಬಹುಪಾಲು ಇಪ್ಪತ್ತರ ಆಸುಪಾಸಿನವರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಬಹಳ ಊರುಗಳಲ್ಲಿ ಸೈಕಲ್. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. 2012ರ ಅಕ್ಟೋಬರ್‌ನಲ್ಲಿ ಹೊರಡುವ ವಯಸ್ಸನ್ನು ಹುಡುಗರಿಗೆ ಹತ್ತೊಂಬತ್ತರಿಂದ ಹದಿನೆಂಟಕ್ಕೆ, ಹುಡುಗಿಯರಿಗೆ ಇಪ್ಪತ್ತೊಂದರಿಂದ ಹತ್ತೊಂಬತ್ತಕ್ಕೆ ಇಳಿಸಿದಾಗ ಅರ್ಜಿಗಳು ನೆರೆಯಂತೆ ಬಂದವು. ಸಂಬಳವಿಲ್ಲ. ಖರ್ಚು ಹುಡುಗನದೋ ಅವನ ಮನೆಯವರದೋ. ಅಮೆರಿಕದವರು ತಿಂಗಳಿಗೆ ನಾನೂರು ಡಾಲರ್ ಕಟ್ಟಬೇಕಿತ್ತು, 2020ರಿಂದ ಐನೂರು. ಟೋಕಿಯೊಗೆ ಹೋಗುವವನಿಗೂ ಗ್ವಾಟೆಮಾಲಾಕ್ಕೆ ಹೋಗುವವನಿಗೂ ಒಂದೇ ಮೊತ್ತ. ದುಬಾರಿ ಊರು ಸಿಕ್ಕಿದ್ದು ಹುಡುಗನ ತಪ್ಪಲ್ಲವಲ್ಲ.

ಊರನ್ನು ಆರಿಸಿಕೊಳ್ಳುವ ಹಕ್ಕು ಅವನಿಗಿಲ್ಲ. ಅರ್ಜಿ ಹಾಕಿ ಕಾಯುತ್ತಾನೆ. ಮೊದಲೆಲ್ಲ ಸಾಲ್ಟ್ ಲೇಕ್ ನಗರದಿಂದ ದೊಡ್ಡದೊಂದು ಬಿಳಿ ಲಕೋಟೆ ಬರುತ್ತಿತ್ತು. ಅಜ್ಜ ಅಜ್ಜಿ, ಚಿಕ್ಕಪ್ಪಂದಿರು, ಪಕ್ಕದ ಮನೆಯವರು ಎಲ್ಲ ಕೂತ ಮೇಲೆಯೇ ಅದನ್ನು ಒಡೆಯುವುದು, ನಮ್ಮಲ್ಲಿ ಪಿಯುಸಿ ಫಲಿತಾಂಶದ ದಿನ ಮನೆ ಹೇಗಿರುತ್ತದೋ ಹಾಗೆ. ಈಗ ಅದು ಕಂಪ್ಯೂಟರಿನ ಪರದೆಯ ಮೇಲೆ ಬರುತ್ತದೆ, ಕೂಡುವವರು ಕೂಡುತ್ತಾರೆ. ಐಡಾಹೊದ ಆಲೂಗಡ್ಡೆ ಹೊಲದಲ್ಲಿ ಬೆಳೆದವನಿಗೆ ಮಂಗೋಲಿಯಾ ಬರಬಹುದು, ಫಿಲಿಪ್ಪೀನ್ಸ್ ಬರಬಹುದು. ಪಕ್ಕದ ರಾಜ್ಯವೂ ಬರಬಹುದು. ಆಗ ಮುಖದ ಮೇಲೆ ಒಂದು ಕ್ಷಣ ಹಾದುಹೋಗುವ ನಿರಾಸೆಯನ್ನು ಮುಚ್ಚಿಡುವುದೇ ಅವನ ಸೇವೆಯ ಮೊದಲ ಪರೀಕ್ಷೆ.

ಸೇವೆಗೆ ಹೊರಟಂದಿನಿಂದ ಅವನು ‘ಎಲ್ಡರ್’, ಎಂದರೆ ಹಿರಿಯ. ಹುಡುಗಿಯಾದರೆ ‘ಸಿಸ್ಟರ್’. ಅಮ್ಮ ಇಟ್ಟ ಹೆಸರು ಎರಡು ವರ್ಷ ಪೆಟ್ಟಿಗೆಯಲ್ಲಿ. ಜೊತೆಯಲ್ಲೇ ಉಂಡು ಮಲಗುವ ಸಂಗಾತಿಯೂ ಅವನನ್ನು ಎಲ್ಡರ್ ಇಂಥವನೇ ಎಂದು ಮನೆತನದ ಹೆಸರಿನಿಂದಲೇ ಕರೆಯಬೇಕು. ಮೀಸೆ ಸರಿಯಾಗಿ ಬಾರದ ಹುಡುಗರು ಒಬ್ಬರನ್ನೊಬ್ಬರು ಹಿರಿಯರೇ ಎಂದು ಕರೆದುಕೊಳ್ಳುವುದು ನಗೆ ತರಿಸುತ್ತದೆ. ಅವರಿಗೂ ತರಿಸುತ್ತದಂತೆ, ಮೊದಲ ವಾರ.

ಯೂಟಾದ ಪ್ರೊವೊ ಊರಿನಲ್ಲಿರುವ ತರಬೇತಿ ಕೇಂದ್ರದಲ್ಲಿ ಐವತ್ತಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಕೆಲವೇ ವಾರಗಳ ಪಾಠ. ಅಲ್ಲಿ ಮೊದಮೊದಲು ಕಲಿಸುವುದು ಬಸ್ಸಿನ ದಾರಿ ಕೇಳುವುದನ್ನಲ್ಲ, ಪ್ರಾರ್ಥನೆಯನ್ನು ಮತ್ತು ಸಾಕ್ಷಿ ಹೇಳುವುದನ್ನು. ಈ ಸಾಕ್ಷಿಯ ವ್ಯಾಕರಣವನ್ನು ತುಸು ಗಮನಿಸಬೇಕು. ಕ್ರೈಸ್ತರ ಹಳೆಯ ವಿಶ್ವಾಸಪ್ರಮಾಣಗಳು ‘ನಂಬುತ್ತೇನೆ’ ಎಂದು ಶುರುವಾಗುತ್ತವೆ. ಮಾರ್ಮನ್ನರು ತಿಂಗಳಿಗೊಮ್ಮೆ ಉಪವಾಸದ ಭಾನುವಾರ ಸಭೆಯಲ್ಲಿ ಎದ್ದು ನಿಂತು ಹೇಳುವುದು ‘ನನಗೆ ಗೊತ್ತು’ ಎಂದು. ಮಳೆ ಬರುತ್ತದೆಂದು ನಂಬಿದವನು ಕೊಡೆ ಹುಡುಕುತ್ತಾನೆ, ಗೊತ್ತಿರುವವನು ಆಗಲೇ ನೆನೆದು ಬಂದಿರುತ್ತಾನೆ. ಹತ್ತೊಂಬತ್ತರ ಹುಡುಗ ಪರದೇಶದ ಹೊಸ್ತಿಲಲ್ಲಿ ನಿಂತು, ಅರೆಬರೆ ಕಲಿತ ಭಾಷೆಯಲ್ಲಿ, ನೆನೆದವನಂತೆ ಮಾತಾಡಬೇಕು.

ಅವನಿಗೆ ಗೊತ್ತಿರಬೇಕಾದದ್ದು ಏನು? 1820ರ ಸುಮಾರಿಗೆ ನ್ಯೂಯಾರ್ಕ್ ಸೀಮೆಯ ಪಾಲ್ಮೈರಾದ ಬಳಿ ಜೋಸೆಫ್ ಸ್ಮಿತ್ ಎಂಬ ರೈತನ ಮಗನಿಗೆ, ಹದಿನಾಲ್ಕರ ಹರೆಯದಲ್ಲಿ, ಮರಗಳ ತೋಪಿನಲ್ಲಿ ದೇವದರ್ಶನವಾಯಿತು. ಮುಂದೆ ದೇವದೂತನೊಬ್ಬ ತೋರಿಸಿದ ಚಿನ್ನದ ತಗಡುಗಳನ್ನು ಅನುವಾದಿಸಿ ಆತ 1830ರಲ್ಲಿ ‘ಬುಕ್ ಆಫ್ ಮಾರ್ಮನ್’ ಪ್ರಕಟಿಸಿದ. ಅದೇ ವರ್ಷ ಪಂಥ ಹುಟ್ಟಿತು, ಅದೇ ವರ್ಷ ಆತನ ತಮ್ಮ ಸ್ಯಾಮ್ಯುಯೆಲ್ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಊರೂರು ತಿರುಗಲು ಹೊರಟ. ಜೋಸೆಫನನ್ನು 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ಥೇಜ್ ಸೆರೆಮನೆಯಲ್ಲಿ ದೊಂಬಿ ಗುಂಡಿಕ್ಕಿ ಕೊಂದಿತು. ಬ್ರಿಗಮ್ ಯಂಗ್ ಉಳಿದವರನ್ನು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಕರೆತಂದರು. ಇಷ್ಟು ಅವರ ಪುರಾಣವೂ ಹೌದು, ಚರಿತ್ರೆಯೂ ಹೌದು. ದರ್ಶನ, ತಗಡು ಇವೆಲ್ಲ ಹೊರಗಿನವರಿಗೆ ಒಪ್ಪಿಸಲಾಗದ ಸಂಗತಿಗಳೆಂದು ಅವರಿಗೂ ತಿಳಿದಿದೆ. ಅದಕ್ಕೇ ಮಿಷನರಿ ವಾದ ಹೂಡುವುದಿಲ್ಲ. ಪುಸ್ತಕ ಓದಿ, ನಿಜವೇ ಎಂದು ದೇವರನ್ನೇ ಕೇಳಿ ಎನ್ನುತ್ತಾನೆ. ಉತ್ತರ ಬರುವುದು ಎದೆಯೊಳಗಿನ ಒಂದು ಬಿಸುಪಾಗಿ, ನೆಮ್ಮದಿಯಾಗಿ. (‘ಮಾರ್ಮನ್’ ಎಂಬುದು ಹೊರಗಿನವರು ಇಟ್ಟ ಅಡ್ಡಹೆಸರು. ಅದನ್ನು ಬಿಟ್ಟು ಪೂರ್ತಿ ಹೆಸರನ್ನೇ, ಅಂದರೆ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂದೇ, ಹೇಳಿರೆಂದು ಅವರ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ಕೋರಿಕೆ ನ್ಯಾಯದ್ದೇ. ಆದರೆ ಅಷ್ಟುದ್ದ ಹೆಸರನ್ನು ಪತ್ರಿಕೆಯ ಅಂಕಣ ತಡೆದುಕೊಳ್ಳುವುದಿಲ್ಲ.)

ಹಾಗಾದರೆ ಕೇಳಿ ನೋಡಿ ಎನ್ನುವವನು ತಾನು ಕೇಳಿದ್ದಾನೆಯೇ? ಅನೇಕರು ಕೇಳಿರುವುದಿಲ್ಲ. ಅಪ್ಪನಿಗೆ ಗೊತ್ತು, ಅಜ್ಜಿಗೆ ಗೊತ್ತು, ಊರಿಗೇ ಗೊತ್ತು ಎಂಬ ಬಲದಲ್ಲಿ ವಿಮಾನ ಹತ್ತಿರುತ್ತಾರೆ. ಪಂಥದ ಹನ್ನೆರಡು ‘ಅಪೊಸ್ತಲ’ರಲ್ಲಿ ಒಬ್ಬರಾಗಿದ್ದ ಬಾಯ್ಡ್ ಪ್ಯಾಕರ್ 1980ರ ದಶಕದಲ್ಲಿ ಒಂದು ಮಾತು ಹೇಳಿದ್ದರು: ಸಾಕ್ಷಿ ಸಿಕ್ಕುವುದೇ ಅದನ್ನು ನುಡಿಯುವುದರಲ್ಲಿ ಎಂಬರ್ಥದ ಮಾತು. ಗೊತ್ತಾದ ಮೇಲೆ ಹೇಳುವುದಲ್ಲ, ಹೇಳುತ್ತ ಹೇಳುತ್ತ ಗೊತ್ತಾಗುವುದು. ಇದು ತನಗೆ ತಾನೇ ಎರಚಿಕೊಳ್ಳುವ ಮಂಕುಬೂದಿಯಲ್ಲವೇ ಎಂದು ಟೀಕಿಸುವವರಿದ್ದಾರೆ, ಪಂಥ ಬಿಟ್ಟವರಲ್ಲಂತೂ ಬಹಳ. ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ಜಪದ ಮಣಿ ಎಣಿಸುತ್ತ ಭಕ್ತಿ ಬೆಳೆಸಿಕೊಂಡವರ ನಾಡಿನಲ್ಲಿ ಕೂತು ಅದನ್ನು ಸಾರಾಸಗಟಾಗಿ ಗೇಲಿ ಮಾಡುವುದೂ ನನಗೆ ಕಷ್ಟ.

ದಿನಚರಿ ಹಾಸ್ಟೆಲ್ಲಿಗಿಂತ ಬಿಗಿ. ಬೆಳಗ್ಗೆ ಆರೂವರೆಗೆ ಏಳುವುದು, ವ್ಯಾಯಾಮ, ಪ್ರಾರ್ಥನೆ, ಓದು, ಭಾಷಾಪಾಠ, ಆಮೇಲೆ ರಸ್ತೆ. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಸಿನಿಮಾ ಇಲ್ಲ, ಪ್ರೇಮ ಇಲ್ಲ. ವಾರಕ್ಕೊಂದು ದಿನ ‘ಪಿ-ಡೇ’: ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಬರೆಯಲು. ಮನೆಗೆ ಫೋನು ಮೊದಲೆಲ್ಲ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. 2019ರ ಫೆಬ್ರವರಿಯಲ್ಲಿ ಅದನ್ನು ಸಡಿಲಿಸಿ ವಾರಕ್ಕೊಮ್ಮೆ ಮಾತಾಡಬಹುದು ಎಂದರು. ಅದಕ್ಕೆ ಮೊದಲಿನ ತಲೆಮಾರಿನ ತಾಯಂದಿರು ಆ ಎರಡು ಕರೆಗಳಿಗೆ ಹೇಗೆ ಕಾದಿರುತ್ತಾರೋ.

ಈ ನಿಯಮಗಳಲ್ಲೆಲ್ಲ ವಿಚಿತ್ರವಾದದ್ದು ಜೋಡಿಯ ನಿಯಮ. ಮಿಷನರಿ ಒಬ್ಬನೇ ಇರುವ ಹಾಗಿಲ್ಲ. ‘ಕಂಪ್ಯಾನಿಯನ್’ ಕಣ್ಣಿಗೆ ಕಾಣುವಷ್ಟು, ಮಾತು ಕೇಳುವಷ್ಟು ಹತ್ತಿರದಲ್ಲಿರಬೇಕು. ಸ್ನಾನದ ಮನೆಯೊಂದೇ ವಿನಾಯಿತಿ. ಸಂಗಾತಿಯನ್ನು ಆರಿಸಿಕೊಳ್ಳುವವನು ಅವನಲ್ಲ, ಮಿಷನ್ನಿನ ಅಧ್ಯಕ್ಷ. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಆಗ ಜೋಡಿ ಮುರಿಯಬಹುದು, ಮುಂದುವರಿಯಲೂಬಹುದು. ಗೊರಕೆ ಹೊಡೆಯುವವನು, ಮಾತೇ ಆಡದವನು, ಅತಿ ಶಿಸ್ತಿನವನು, ಸೋಮಾರಿ, ಯಾರು ಬಂದರೂ ಸರಿ, ಇಪ್ಪತ್ತನಾಲ್ಕು ಗಂಟೆ ಅವನೊಡನೆಯೇ. ನೋಡಿ ಒಪ್ಪದ ಮದುವೆ ಎನ್ನಬಹುದು, ಮುಹೂರ್ತ ಮಾತ್ರ ಆರು ವಾರದ್ದು. ಹೊಸಬನಿಗೆ ಅವರಲ್ಲಿ ‘ಗ್ರೀನಿ’ ಎಂದು ಹೆಸರು, ಅವನನ್ನು ತಿದ್ದುವವನು ‘ಟ್ರೇನರ್’. ಅವಧಿ ಮುಗಿಯುತ್ತ ಬಂದು ಮನಸ್ಸು ಊರಿನ ಕಡೆ ಎಳೆಯತೊಡಗಿದವನು ‘ಟ್ರಂಕಿ’, ಆಗಲೇ ಟ್ರಂಕು ಕಟ್ಟಿದವನು ಎಂದರ್ಥ. ಸದಾ ಇಬ್ಬರಾಗಿದ್ದೂ ಒಂಟಿಯಾಗಿರುವ ಈ ಸ್ಥಿತಿಗೆ ಮಾತ್ರ ಅವರ ಆಡುಮಾತಿನಲ್ಲಿ ಹೆಸರಿದ್ದಂತಿಲ್ಲ.

ಊಟದ ಸಂಗತಿ ಬೇರೆಯೇ. ಊರಿನ ಸದಸ್ಯರ ಮನೆಗಳಲ್ಲಿ ಇಂಥ ದಿನ ಇಂಥವರಲ್ಲಿ ಎಂದು ಪಟ್ಟಿ ಹಾಕಿ ಮಿಷನರಿಗಳಿಗೆ ಊಟ ಹಾಕುವುದುಂಟು. ನಮ್ಮ ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಗಳ ವಾರಾನ್ನವೇ ಸೈ. ಕಷ್ಟ ಬರುವುದು ಬಡಿಸಿದ್ದರಲ್ಲಲ್ಲ, ಆಮೇಲೆ ಬರುವ ಲೋಟದಲ್ಲಿ. 1833ರ ಒಂದು ದೈವವಾಣಿಯ ಪ್ರಕಾರ ಅವರಿಗೆ ಮದ್ಯ, ತಂಬಾಕಿನ ಜೊತೆಗೆ ಕಾಫಿ, ಚಹಾ ಕೂಡ ವರ್ಜ್ಯ. ಬಂದವರಿಗೆ ಚಹಾ ಕೊಡದಿದ್ದರೆ ಮನೆತನದ ಮಾನ ಹೋಯಿತೆನ್ನುವ ದೇಶಗಳಲ್ಲಿ ಈ ಹುಡುಗರು ಕೈಮುಗಿದು ಬೇಡ ಎನ್ನಬೇಕು. ಕಾಫಿ ಬೇಡ ಎಂದ ನೆಂಟನನ್ನು ನಮ್ಮ ಮನೆಗಳಲ್ಲಿ ಹೇಗೆ ನೋಡುತ್ತಾರೆಂದು ನೆನೆದರೆ ಅವರ ಪಾಡು ಅರ್ಥವಾದೀತು.

ಈ ಬದುಕಿನ ಒಳಗುದಿಯನ್ನು ಬಿಚ್ಚಿಟ್ಟವರಲ್ಲಿ ಗಾರ್ಡನ್ ಹಿಂಕ್ಲಿ ಒಬ್ಬರು. 1995ರಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಪಂಥದ ಅಧ್ಯಕ್ಷರಾಗಿದ್ದವರು. 1933ರಲ್ಲಿ ಅವರಿಗೆ ಇಪ್ಪತ್ಮೂರು, ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಸಿಕ್ಕಿದ ಊರು ಇಂಗ್ಲೆಂಡ್, ಆ ಕಾಲಕ್ಕೆ ತೀರ ದುಬಾರಿ. ತಾಯಿ 1930ರಲ್ಲೇ ತೀರಿಹೋಗಿದ್ದರು. ಆದರೆ ಸಾಮಾನು ತಂದಾಗ ಉಳಿದ ಚಿಲ್ಲರೆಯನ್ನು ಮಕ್ಕಳ ಮಿಷನ್ನಿಗೆಂದು ಅವರು ಕೂಡಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ಸಾಸಿವೆ ಡಬ್ಬಿಯ ದುಡ್ಡು ಎನ್ನೋಣ. ಆ ದುಡ್ಡಿನ ಬಲದಲ್ಲಿ ಹಿಂಕ್ಲಿ ಲಂಕಾಷೈರಿನ ಪ್ರೆಸ್ಟನ್‌ಗೆ ಬಂದಿಳಿದರು.

ಪ್ರೆಸ್ಟನ್ ಮಾರ್ಮನ್ನರಿಗೆ ಪುಣ್ಯಭೂಮಿ. 1837ರ ಜುಲೈನಲ್ಲಿ ಹೀಬರ್ ಕಿಂಬಾಲ್ ಎಂಬಾತ ಇಲ್ಲಿನ ರಿಬ್ಬಲ್ ನದಿಯಲ್ಲಿ ಒಂಬತ್ತು ಮಂದಿಗೆ ದೀಕ್ಷಾಸ್ನಾನ ಮಾಡಿಸಿದ್ದ. ಮುಂದಿನ ದಶಕಗಳಲ್ಲಿ ಬ್ರಿಟನ್ನಿನಿಂದ ಸಾವಿರಾರು ಬಡ ಕುಟುಂಬಗಳು ಹಡಗು ಹತ್ತಿ ಯೂಟಾ ಸೇರಿದವು. ಸುಮಾರು ನೂರು ವರ್ಷದ ನಂತರ ಅದೇ ಊರಿನ ಸಂತೆಮಾಳದಲ್ಲಿ ಈ ಹುಡುಗ ಮೊದಲ ರಾತ್ರಿಯೇ ನಿಂತು ಹಾಡಬೇಕಾಯಿತು, ಮಾತಾಡಬೇಕಾಯಿತು. ಕೇಳುವವರಿಲ್ಲ. ಹುಲ್ಲಿನ ಹೂಧೂಳಿಗೆ ಮೂಗು ಕಣ್ಣು ಸೋರುತ್ತಿದ್ದವು. ಕೊನೆಗೆ ಅಪ್ಪನಿಗೆ ಕಾಗದ ಬರೆದರು: ಇಲ್ಲಿ ನನ್ನ ಕಾಲವೂ ಹಾಳು, ನಿಮ್ಮ ದುಡ್ಡೂ ದಂಡ ಎಂಬ ತಾತ್ಪರ್ಯದ್ದು. ಅಪ್ಪನ ಉತ್ತರ ಚಿಕ್ಕದು. ಕಾಗದ ತಲುಪಿತು, ನಿನ್ನನ್ನು ನೀನು ಮರೆತು ಕೆಲಸಕ್ಕೆ ಹತ್ತು, ಅಷ್ಟೇ. ಅಳಬೇಡ ಎಂದೂ ಇಲ್ಲ, ಬಂದುಬಿಡು ಎಂದೂ ಇಲ್ಲ. ಅದನ್ನು ಓದಿದಂದು, ತಾನು ತಂಗಿದ್ದ ವಾಡಮ್ ರಸ್ತೆಯ ಮನೆಯ ಕೋಣೆಯಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದರಿಂದಲೇ ತನ್ನ ಬದುಕಿನ ಮುಂದಿನದೆಲ್ಲ ಹುಟ್ಟಿತು ಎಂದು ಹಿಂಕ್ಲಿ ಮುದುಕರಾದ ಮೇಲೂ ಹೇಳುತ್ತಿದ್ದರು. ಪ್ರೆಸ್ಟನ್ನಿನ ಜನ ಬದಲಾದರೆಂದು ಅವರು ಹೇಳಲಿಲ್ಲ.

ಮೂವತ್ತಮೂರು ವರ್ಷದ ನಂತರ, 1966ರಲ್ಲಿ, ಮಿಷಿಗನ್ ರಾಜ್ಯಪಾಲರ ಮಗ ಮಿಟ್ ರಾಮ್ನಿ ಸ್ಟ್ಯಾನ್‌ಫರ್ಡಿನಲ್ಲಿ ಒಂದು ವರ್ಷ ಓದಿ ಫ್ರಾನ್ಸಿಗೆ ಹೊರಟರು. ಆಗ ಭಾಷೆ ಕಲಿಯಬೇಕಾದ ದೇಶಗಳಿಗೆ ಮೂವತ್ತು ತಿಂಗಳ ಅವಧಿ. ದ್ರಾಕ್ಷಾರಸವನ್ನು ನೀರಿನಂತೆ ಕುಡಿಯುವ ದೇಶದಲ್ಲಿ ಅದನ್ನು ಕುಡಿಯಬಾರದೆನ್ನುವ ಬೋಧನೆ. ಸಾಲದ್ದಕ್ಕೆ ವಿಯೆಟ್ನಾಂ ಯುದ್ಧದ ಸಿಟ್ಟು. ಕದ ತೆಗೆದವರು ಅಮೆರಿಕನ್ ಉಚ್ಚಾರ ಕೇಳಿದೊಡನೆ ಮುಚ್ಚುತ್ತಿದ್ದರು. ಆ ಯುದ್ಧದಲ್ಲಿ ಇವರ ವಯಸ್ಸಿನವರು ಸಾಯುತ್ತಿದ್ದಾಗ ಮಿಷನರಿಗಳಿಗೆ ಧರ್ಮಸೇವಕರೆಂಬ ವಿನಾಯಿತಿ ಇತ್ತು. ಅದರ ಮೇಲೆ ಟೀಕೆ ಎದ್ದು, ಒಂದೊಂದು ಸ್ಥಳೀಯ ಸಭೆಯಿಂದ ವರ್ಷಕ್ಕೆ ಇಬ್ಬರೇ ಹೋಗಬಹುದೆಂದು ಮಿತಿ ಬಂತು. ಹೋಗಬೇಕೆಂದಿದ್ದೂ ಸರದಿ ಸಿಕ್ಕದ ಹುಡುಗರ ಕತೆಯನ್ನು ಯಾರೂ ಅಷ್ಟಾಗಿ ಬರೆದಿಲ್ಲ.

ರಾಮ್ನಿ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಅವರು ಲ ಹಾವ್ರ್, ಬೋರ್ಡೋಗಳಲ್ಲಿ ಬಾಗಿಲು ಬಾಗಿಲು ತಿರುಗಿ ಬೆರಳೆಣಿಕೆಯ ಜನರನ್ನೂ ಒಲಿಸಲಾಗದೆ ಇದ್ದಾಗ, ಊರಿನಲ್ಲಿ ಅವರು ಮೆಚ್ಚಿದ ಹುಡುಗಿ ಆ್ಯನ್ ತಾನಾಗಿಯೇ ಪಂಥ ಸೇರಿದಳು. ದೀಕ್ಷೆ ಕೊಟ್ಟವರು ಮಿಟ್‌ನ ಅಪ್ಪ. ಸಾವಿರಾರು ಮೈಲಿ ದೂರದಲ್ಲಿ ಅಪರಿಚಿತರಿಗೆ ಅದೇ ಮಾತು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವರಿಗೆ ಆ ಕಾಗದ ಓದಿದಾಗ ಏನನಿಸಿತೋ.

1968ರ ಜೂನ್ 16ರಂದು ಬೋರ್ಡೋ ಬಳಿಯ ಬೆರ್ನೋ-ಬೋಲಾಕ್ ಎಂಬ ಹಳ್ಳಿಯಲ್ಲಿ ರಾಮ್ನಿ ಓಡಿಸುತ್ತಿದ್ದ ಸಿಟ್ರೋಯೆನ್ ಕಾರಿಗೆ ಎದುರಿನ ಮರ್ಸಿಡಿಸ್ ಬಂದು ಗುದ್ದಿತು. ಕಾರಿನಲ್ಲಿದ್ದ ಆರು ಮಂದಿಯಲ್ಲಿ ಮಿಷನ್ ಅಧ್ಯಕ್ಷರ ಪತ್ನಿ ಲಿಯೋಲಾ ಆ್ಯಂಡರ್‌ಸನ್ ತೀರಿಕೊಂಡರು. ಮಿಟ್ ಕೂಡ ಸತ್ತರೆಂದೇ ತಿಳಿದ ಪೊಲೀಸನೊಬ್ಬ ಅವರ ಪಾಸ್‌ಪೋರ್ಟಿನಲ್ಲಿ ‘ಇವನು ಸತ್ತಿದ್ದಾನೆ’ ಎಂದು ಫ್ರೆಂಚಿನಲ್ಲಿ ಬರೆದ. ಅಧ್ಯಕ್ಷರು ಹೆಂಡತಿಯ ಶವದೊಡನೆ ಅಮೆರಿಕಕ್ಕೆ ಹೋದಾಗ ಮಿಷನ್ನಿನ ಹೊಣೆ ಬಿದ್ದದ್ದು, ಗಾಯ ಮಾಗುತ್ತಿದ್ದ ರಾಮ್ನಿ ಮತ್ತು ಇನ್ನೊಬ್ಬ ಹುಡುಗನ ಹೆಗಲಿಗೆ. ಆ ವರ್ಷ ಇನ್ನೂರು ದೀಕ್ಷೆಯ ಗುರಿ ಹಾಕಿಕೊಂಡಿದ್ದ ಇಡೀ ಮಿಷನ್ ಅದನ್ನು ಮುಟ್ಟಿತು. ಮಾರ್ಮನ್ ಉದ್ಯಮಿಗಳ ಶಿಸ್ತಿನ ಬಗ್ಗೆ ಅಮೆರಿಕದಲ್ಲಿ ಆಡಿಕೊಳ್ಳುವವರು ಈ ಲೆಕ್ಕಪುಸ್ತಕದ ಮನಸ್ಸನ್ನೇ ತೋರಿಸುತ್ತಾರೆ. ಇರಬಹುದು. ಆದರೆ ಇಪ್ಪತ್ತೊಂದರ ವಯಸ್ಸಿಗೆ ಸಾವಿನ ಚಾಲಕನ ಸೀಟಿನಲ್ಲಿ ಕೂತೆದ್ದವನಿಗೆ, ತನ್ನ ತಪ್ಪಿಲ್ಲದಿದ್ದರೂ, ಕೆಲಸದ ಲೆಕ್ಕ ಬಿಟ್ಟರೆ ಹಿಡಿದುಕೊಳ್ಳಲು ಬೇರೇನಿತ್ತು?

ಇದೆಲ್ಲ ಬಾಗಿಲು ಮುಚ್ಚಿಸಿಕೊಂಡವರ ಕತೆ. ಮಿಷನರಿಯೇ ಬಾಗಿಲು ಮುಚ್ಚಿದ ಕತೆಯೂ ಇದೆ. 1978ರ ಜೂನ್‌ವರೆಗೆ ಪಂಥದಲ್ಲಿ ಆಫ್ರಿಕಾ ಮೂಲದ ಗಂಡಸರಿಗೆ ಪೌರೋಹಿತ್ಯ ನಿಷಿದ್ಧವಾಗಿತ್ತು, ಆ ಮೂಲದ ಕುಟುಂಬಗಳಿಗೆ ದೇವಾಲಯದ ವಿಧಿಗಳೂ ಇರಲಿಲ್ಲ. ಎಲ್ಲ ರಕ್ತವೂ ಬೆರೆತಿರುವ ಬ್ರೆಜಿಲ್‌ನಲ್ಲಿ ಮಿಷನರಿಗಳು ಕುಟುಂಬದ ಫೋಟೊ ನೋಡಿ, ಅಜ್ಜ ಮುತ್ತಜ್ಜರ ಬಗ್ಗೆ ವಿಚಾರಿಸಿ ವಂಶ ಜರಡಿ ಹಿಡಿಯಬೇಕಿತ್ತು. ಅಂಥ ಮನೆಯ ಕುರ್ಚಿಯ ಮೇಲೆ ಕೂತ ಹುಡುಗ ‘ನನಗೆ ಗೊತ್ತು’ ಎಂದದ್ದು ಯಾವುದರ ಬಗ್ಗೆ? ನಿಷೇಧ ತೆಗೆದೆವೆಂದು ಸಾಲ್ಟ್ ಲೇಕ್‌ನಿಂದ ಪ್ರಕಟಣೆ ಬಂದಾಗ ಅಂಥ ಮಿಷನರಿಗಳಲ್ಲಿ ಎಷ್ಟೋ ಮಂದಿ ಅತ್ತರೆಂದು ಹೇಳುತ್ತಾರೆ. ನೆಮ್ಮದಿಯಿಂದ ಅತ್ತವರೂ ಇರಬೇಕು, ನಾಚಿಕೆಯಿಂದ ಅತ್ತವರೂ ಇರಬೇಕು.

ಅದೇ 1978ರ ಡಿಸೆಂಬರಿನಲ್ಲಿ ಹೈದರಾಬಾದಿಗೆ ಬಂದಿಳಿದ ಮಿಷನರಿಗಳು ಬಿಳಿ ಅಂಗಿಯ ಅಮೆರಿಕನ್ ಹುಡುಗರಲ್ಲ. ಸಮೋವಾ ದ್ವೀಪದಲ್ಲಿ ಕೀಟವಿಜ್ಞಾನಿಯಾಗಿದ್ದಾಗ ಪಂಥ ಸೇರಿದ ಎಡ್ವಿನ್ ಧರ್ಮರಾಜು ಮತ್ತು ಪತ್ನಿ ಎಲ್ಸಿ. ಅವರು ತಟ್ಟಿದ್ದು ಸ್ವಂತ ನೆಂಟರ ಬಾಗಿಲನ್ನು. ಇಪ್ಪತ್ತೆರಡು ಮಂದಿ ದೀಕ್ಷೆ ಪಡೆದರು. 1853ರ ಆ ಒಂಬತ್ತು ಮಂದಿಗೆ ಆಗದ್ದು ಒಂದು ತೆಲುಗು ಕುಟುಂಬಕ್ಕೆ ಕೆಲವೇ ವಾರಗಳಲ್ಲಿ ಆಯಿತು. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ಮಿಷನ್ 1993ರಲ್ಲಿ ಶುರುವಾಯಿತು. ಭಾರತದ ಮೊದಲ ಮಾರ್ಮನ್ ದೇವಾಲಯವೂ ಇಲ್ಲೇ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಗುದ್ದಲಿ ಹಾಕಿದರು. ಫಿಲ್ಟರ್ ಕಾಫಿಯ ಊರಿನಲ್ಲೇ.

ಎಲ್ಲರೂ ಅವಧಿ ಮುಗಿಸುವುದಿಲ್ಲ. ಕಾಯಿಲೆ, ಖಿನ್ನತೆ, ನಂಬಿಕೆ ಕೈಕೊಟ್ಟದ್ದು, ನಿಯಮ ಮುರಿದದ್ದು, ಹೀಗೆ ನಾನಾ ಕಾರಣಕ್ಕೆ ನಡುವೆಯೇ ಮರಳುವವರಿದ್ದಾರೆ. ಭಾನುವಾರ ಚರ್ಚಿನಲ್ಲಿ ಯಾರೂ ಏನೂ ಕೇಳದಿದ್ದರೂ ಎಲ್ಲರ ಕಣ್ಣೂ ಕೇಳುತ್ತದೆ. ತವರಿಗೆ ಮರಳಿದ ಮಗಳನ್ನು ನಮ್ಮ ಕೇರಿಗಳು ನೋಡುವ ನೋಟ ಅದು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಸಾವಿರಾರು ಮಿಷನರಿಗಳನ್ನು ಒಟ್ಟಿಗೇ ಊರಿಗೆ ಕರೆಸಿಕೊಂಡಾಗ, ಅರ್ಧಕ್ಕೆ ಬಂದವನೆಂಬ ಹೆಸರಿಗೆ ಒಂದಿಷ್ಟು ಕಾಲ ಅರ್ಥವೇ ಉಳಿಯಲಿಲ್ಲ.

ಅವಧಿ ಮುಗಿಸಿದವನು ವಿಮಾನದಿಂದಿಳಿದು ಬಂದಾಗ ಬಲೂನು, ಬ್ಯಾನರು, ಅಮ್ಮನ ಅಪ್ಪುಗೆ ಎಲ್ಲ ಇರುತ್ತದೆ. ಆದರೂ ಹೆಸರುಪಟ್ಟಿ ಎದೆಯ ಮೇಲೇ ಇರುತ್ತದೆ. ಊರಿನ ಸಭೆಗಳ ಮುಖ್ಯಸ್ಥನ ಬಳಿ ಹೋಗಿ, ಎದುರು ಕೂತು ಮಾತಾಡಿ, ನಿನ್ನ ಸೇವೆ ಮುಗಿಯಿತು ಎನ್ನಿಸಿಕೊಂಡ ಮೇಲೇ ಅದನ್ನು ಕಳಚುವುದು. ಅಲ್ಲಿಗೆ ಎಲ್ಡರ್ ಹೋದ, ಹಳೆಯ ಹೆಸರಿನ ಹುಡುಗ ಬಂದ. ರಾತ್ರಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಎರಡು ವರ್ಷದಲ್ಲಿ ಮೊದಲ ಸಲ ಕೋಣೆಯಲ್ಲಿ ಒಬ್ಬನೇ. ನಿದ್ದೆ ಬರುವುದಿಲ್ಲ ಎನ್ನುತ್ತಾರೆ ಹೀಗೆ ಮರಳಿದವರು. ಆಗಾಗ ತಲೆಯೆತ್ತಿ ಪಕ್ಕಕ್ಕೆ ನೋಡುತ್ತಾರಂತೆ, ಇನ್ನೊಂದು ಮಂಚ ಎಲ್ಲಿ ಎಂದು.